ಮ್ಯಾಟಿನ ಮೇಲೆ ಸೋತ ವರ್ಷ

ಕನಕಪುರದ ನಮ್ಮ ಕಾಲೇಜಿನ ಕಬಡ್ಡಿ ತಂಡ ಆ ವರ್ಷ ಹೋದ ಕಡೆಯಲ್ಲೆಲ್ಲ ಸೋತಿತು. ರಾಮನಗರದಲ್ಲಿ ಸೋತೆವು, ಚನ್ನಪಟ್ಟಣದಲ್ಲಿ ಮಾನ ಹೋಗುವ ಹಾಗೆ ಸೋತೆವು. ವಾಪಸು ಬರುವಾಗ ಬಸ್ಸಿನ ಕಂಡಕ್ಟರ್ ಕೂಡ "ಇವತ್ತೂ ಅಷ್ಟೇನಾ?" ಎನ್ನುತ್ತಿದ್ದ. ಒಂದು ಪಂದ್ಯವಾದರೂ ಗೆಲ್ಲದಿದ್ದರೆ ಮುಂದಿನ ವರ್ಷದಿಂದ ತಂಡವೇ ಬೇಡ ಎಂದು ಪ್ರಿನ್ಸಿಪಾಲರು ನಮ್ಮ ಪಿ.ಟಿ. ಮೇಷ್ಟ್ರಿಗೆ ಹೇಳಿಬಿಟ್ಟಿದ್ದರು. ಆ ತಂಡ ಬಿಟ್ಟರೆ ಮೇಷ್ಟ್ರಿಗೆ ಬೇರೆ ಲೋಕವೇ ಇರಲಿಲ್ಲ.

ಸೋಲಿಗೆ ಕಾರಣ ನಮಗೆಲ್ಲ ಗೊತ್ತಿತ್ತು. ಪಂದ್ಯಗಳೆಲ್ಲ ಮ್ಯಾಟಿನ ಮೇಲೆ, ನಮ್ಮ ಅಭ್ಯಾಸ ಮಣ್ಣಿನ ಮೇಲೆ. ಮೇಷ್ಟ್ರು ಕೆರೆಯ ಮಣ್ಣು ತರಿಸಿ, ತಾವೇ ಜರಡಿ ಹಿಡಿದು ಅಂಕಣ ಹದ ಮಾಡುತ್ತಿದ್ದರು. ಹಿಮ್ಮಡಿ ಊರಿ ಬರಿಗಾಲಲ್ಲಿ ಜಾರಿಕೊಂಡು ಬಂದು ನಡುಗೆರೆ ಮುಟ್ಟುವುದು ಅವರು ಕಲಿಸುತ್ತಿದ್ದ ವಿದ್ಯೆ. ಒಂದು ಕಾಲದಲ್ಲಿ ಅದರಿಂದಲೇ ಗೆದ್ದವರು. ಮ್ಯಾಟಿನ ಮೇಲೆ ಕಾಲು ಜಾರುವುದಿಲ್ಲ, ಅದಕ್ಕೆ ಬೂಟು ಬೇಕು, ಆಟವೇ ಬೇರೆ ಎಂದರೆ "ಮಣ್ಣಲ್ ಆಡ್ದೋನು ಎಲ್ ಬೇಕಾರೂ ಆಡ್ತಾನೆ, ಹೋಗ್ಲಾ" ಎಂದು ಅಟ್ಟುತ್ತಿದ್ದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಪಂದ್ಯದ ದಿನ ನಾವು, ಮೊದಲೇ ಸೋತು ಕೂತಿದ್ದ ಬೇರೆ ತಂಡದವರ ಬೂಟು ಬೇಡಿ ಹಾಕಿಕೊಳ್ಳುತ್ತಿದ್ದೆವು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಆದರೆ ಬೆಳಿಗ್ಗೆ ನಮಗಿಂತ ಮೊದಲೇ ಬಂದು ಆ ಮಣ್ಣಿಗೆ ನೀರು ಚಿಮುಕಿಸುತ್ತಾ ನಿಂತ ಮನುಷ್ಯನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು?

ಕೊನೆಯ ಪಂದ್ಯ ಮಾಗಡಿಯಲ್ಲಿ. ಏನು ಪುಣ್ಯವೋ, ಕೊನೆಯ ನಿಮಿಷದವರೆಗೂ ಸಮಸಮ ಇದ್ದೆವು. ನಮ್ಮ ಕ್ಯಾಪ್ಟನ್ ಕೈಲಾಂಚ ಹಳ್ಳಿಯ ಕಡೆಯವನು. ರೈಡಿಗೆ ಹೋಗಿ ಒಬ್ಬನನ್ನು ಮುಟ್ಟಿ ತಿರುಗಿದ. ಗೆರೆಯಾಚೆಯಿಂದ ಮೇಷ್ಟ್ರು "ಜಾರ್ಲಾ! ಜಾರ್ಲಾ!" ಎಂದು ಕೂಗಿದರು. ಅವನು ಕಲಿತ ಹಾಗೇ ಹಿಮ್ಮಡಿ ಊರಿದ. ಬೇಡಿ ತಂದ ಬೂಟು ಮ್ಯಾಟನ್ನು ಕಚ್ಚಿಕೊಂಡಿತು. ಪಾದ ಅಲ್ಲೇ ನಿಂತಿತು, ಮಂಡಿ ತಿರುಗಿತು. ನಡುಗೆರೆ ಒಂದು ಗೇಣು ದೂರದಲ್ಲಿತ್ತು. ಎದುರು ತಂಡದವರು ಅವನನ್ನು ಅಮುಕಿ ಹಿಡಿದರು, ಅಂಪೈರ್ ಪಂದ್ಯ ಮುಗಿದ ಸೀಟಿ ಊದಿದ. ಅವರು ಎದ್ದ ಮೇಲೂ ಅವನು ಕಿರುಚುತ್ತಲೇ ಇದ್ದ.

ಓಡಿ ಬಂದ ಮೇಷ್ಟ್ರಿಗೆ ಚಪ್ಪಲಿ ಬಿಟ್ಟು ಬನ್ನಿ ಎಂದು ಅಂಪೈರ್ ಹೇಳಿದ. ಮೇಷ್ಟ್ರು ಬಿಟ್ಟು ಬಂದರು. ಅವರು ಮ್ಯಾಟಿನ ಮೇಲೆ ಕಾಲಿಟ್ಟದ್ದನ್ನು ನಾವು ನೋಡಿದ್ದು ಅದೇ ಮೊದಲು. ನಾಲ್ಕು ಹೆಜ್ಜೆ ಇಟ್ಟವರು ನಿಂತರು. ಬರಿಗಾಲನ್ನು ಮುಂದಕ್ಕೆ ಎಳೆದು ನೋಡಿದರು. ಜಾರಲಿಲ್ಲ. ಇನ್ನೊಮ್ಮೆ ಎಳೆದರು. ಆಮೇಲೆ ಹುಡುಗನ ಪಕ್ಕ ಕುಸಿದು ಕೂತರು.

"ಇದು ಜಾರಾದೇ ಇಲ್ವಲ್ರಪ್ಪ" ಎಂದರು. "ನಂಗೆ ಒಬ್ರೂ ಯಾಕ್ರಪ್ಪ ಹೇಳ್ನಿಲ್ಲ?"

ಹೇಳಿದ್ದೆವು. ವರ್ಷವೆಲ್ಲ ಹೇಳಿದ್ದೆವು. ಆ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ಹಲ್ಲು ಕಚ್ಚಿಕೊಂಡು ಅವರ ಕೈ ಹಿಡಿದ.

"ನಮ್ಗೂ ಗೊತ್ತಿರ್ನಿಲ್ಲ ಸಾ" ಎಂದ.