ಅಳಲೆಕಾಯಿ ಕುಟ್ಟಿದ ಭಾನುವಾರ

ನಾನು ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕಿದ್ದೆಲ್ಲ ದುಡಿಮೆ ಕಲಿಸಿದ್ದು. ಹಂಗಾಗಿ ಕಾಲೇಜಲ್ಲಿ ಓದೋ ಮಗಳು ಫೋನ್ ಮಾಡಿ, "ಅಪ್ಪಾ, ಅಳಲೆಕಾಯಿ ಪುಡಿ ಬೇಕು. ಅದ್ರಲ್ಲಿ ಗ್ಯಾಲಿಕ್ ಆಮ್ಲ ಇರುತ್ತೆ. ಗಾಯದ ಮೇಲೆ ಅಂಟಿಸೋ ತೆಳ್ಳನೆ ಪೊರೆ ಮಾಡ್ತಿದೀನಿ" ಅಂದಾಗ ಎದೆ ಉಬ್ಬಿತು. ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾದಾಗೆಲ್ಲ ಅಳಲೆಕಾಯಿ ಕಷಾಯದಲ್ಲೇ ತೊಳೆದವನು ನಾನು.

ಪೇಟೆ ಪುಡಿಯಲ್ಲಿ ಅವಳ ಪೊರೆ ಎರಡು ಸಲ ಕೆಟ್ಟಿತ್ತಂತೆ. ಇನ್ನೊಂದು ಸಲ ಕೆಟ್ಟರೆ ಬೇರೆ ವಿಷಯ ತಗೋ ಅಂದಿದ್ದರಂತೆ ಮೇಡಂ. ಸೋಮವಾರವೇ ಪುಡಿ ಒಯ್ಯಬೇಕು.

ತರೀಕೆರೆಯ ಗ್ರಂದಿಗೆ ಅಂಗಡಿಯಲ್ಲಿ ಒಂದೊಂದೇ ಕಾಯಿ ತಿರುಗಿಸಿ ನೋಡಿ ಆರಿಸಿದೆ.

"ಏನಪ್ಪಾ, ಕಾಯಿ ತಗೊಳ್ಳೋಕೆ ಬಂದ್ಯೋ, ಹೆಣ್ಣು ನೋಡೋಕೆ ಬಂದ್ಯೋ?" ಅಂದ ಅಂಗಡಿಯವ.

ಮನೆಗೆ ಬಂದು, ತಂದ ಕಾಯಿಗಳಲ್ಲಿ ಅರ್ಧದಷ್ಟು ಒಡೆದು, ಸಿಡಿಯದಿರಲಿ ಅಂತ ನೀರು ಚಿಮುಕಿಸಿ, ಕಬ್ಬಿಣದ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿಟ್ಟೆ. ಭಾನುವಾರ ಮಗಳು ಬಂದವಳೇ ಒಂದು ಚಮಚ ಬಿಸಿನೀರಿಗೆ ಹಾಕಿದಳು. ನೀರು ಕಪ್ಪಗಾಗಿ ಹೋಯ್ತು. ಅವಳ ಮುಖವೂ ಸಪ್ಪಗಾಯ್ತು.

"ಯಾತ್ರಲ್ಲಿ ಕುಟ್ಟಿದ್ದು ಅಪ್ಪಾ?"

"ಕಬ್ಬಿಣದ ಕುಟ್ಟಾಣೀಲಿ ಕಣವ್ವ."

"ಅಯ್ಯೋ, ಕಬ್ಬಿಣ ಸೇರಿದ್ರೆ ಮಸಿ ಆಗುತ್ತೆ!"

ನನಗದು ಗೊತ್ತಿಲ್ಲದ್ದೇ? ನಮ್ಮಜ್ಜ ಅಳಲೆಕಾಯಿ ನೀರಿಗೆ ತುಕ್ಕು ಮೊಳೆ ಹಾಕಿ ಬರೆಯೋ ಮಸಿ ಮಾಡುತ್ತಿದ್ದ. ಕಡ್ಡಿ ಹಿಡಿದು ಕಲಕುತ್ತಿದ್ದವನೇ ನಾನು. ಒಳಗಿಂದ ಹೆಂಡತಿ ನಕ್ಕಳು: "ಎತ್ತಿನ ಕಷಾಯ ಮಣ್ಣಿನ ಮಡಕೇಲೇ ಕಾಯಿಸ್ಬೇಕು ಅಂತ ನನಗೆ ಬೈತಿದ್ದೋರು ಯಾರ್ರೀ?"

ಸದ್ಯ, ಇನ್ನರ್ಧ ಕಾಯಿ ಉಳಿದಿತ್ತು. ಒರಳುಕಲ್ಲು ತೊಳೆದು ಒರೆಸಿದೆ. ಒನಕೆ ಎತ್ತಿದ ಮೇಲೆ ಅದರ ತುದಿಗಿರೋ ಕಬ್ಬಿಣದ ಬಳೆ ನೆನಪಾಯ್ತು. ತಲೆಕೆಳಗೆ ಹಿಡಿದು, ಒಂದು ಹನಿ ನೀರೂ ಸೋಕಿಸದೆ ಕುಟ್ಟಿದೆ. ಮಗಳು ಜರಡಿ ಹಿಡಿದಳು. ಈ ಸಲ ಬಿಸಿನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿತು. ಅವಳು ಚಪ್ಪಾಳೆ ತಟ್ಟಿಬಿಟ್ಟಳು. ಕೆಟ್ಟ ಪುಡಿ ಕದಡಿದ ಮಸಿಯಲ್ಲಿ ತೆಂಗಿನಕಾಯಿ ಚೀಲಗಳಿಗೆಲ್ಲ ನನ್ನ ಹೆಸರು ಬರೆದೆ. ಎಷ್ಟು ಚೆಂದ ಬಂತು!

ಹದಿನೈದು ದಿನಕ್ಕೆ ಫೋನ್ ಬಂತು.

"ಪೊರೆ ಗಾಜಿನಂಗೆ ಬಂತು ಕಣಪ್ಪಾ! ಇದನ್ನೇ ಮುಂದುವರಿಸು ಅಂದ್ರು ಮೇಡಂ. ಪುಡಿ ಮಾಡಿದ್ದು ಯಾರು ಅಂತಾನೂ ಕೇಳಿದ್ರು."

"ಒನಕೆ ತಲೆಕೆಳಗೆ ಹಿಡಿದಿದ್ದು ಹೇಳಿದ್ಯಾ?"

"ಹೇಳ್ದೆ. ಅದನ್ನೇ ಮೊದಲು ಬರ್ಕೊಂಡ್ರು."