ಗುಲಾಬಿಯಕ್ಕ ಕಿತ್ತ ಗಿಡಗಳು

ಕೂಳೂರಿನ ಹತ್ತಿರ ನದಿಯ ದಡದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ನೆಡುವ ಕೆಲಸ ನಮ್ಮದು. ಅದರ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಮೀನು ಏಡಿಗಳಿಗೆ ಮನೆಯೂ ಆಗುತ್ತದೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹಿಂದಿನ ತಿಂಗಳು ನೆಟ್ಟ ಒಂದು ಸಾಲು ಗಿಡವೇ ಇಲ್ಲ.

ಅಲ್ಲೇ ನೀರಿನಲ್ಲಿ ನಿಂತು ಮರಳಿನೊಳಗಿನ ಮರುವಾಯಿ ಎಂಬ ತಿನ್ನುವ ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬರು ನಾನು ಕೇಳುವ ಮೊದಲೇ, "ನಾನೇ ಕಿತ್ತದ್ದು" ಎಂದರು. ಹೆಸರು ಗುಲಾಬಿಯಕ್ಕ ಎಂದು ಆಮೇಲೆ ಗೊತ್ತಾಯಿತು.

ನನಗೆ ಸಿಟ್ಟು ಬಂತು. "ಎಂತ ಅಕ್ಕ ಇದು? ಬಿಸಾಡಿದ್ರಾ?"

"ಜೀವ ಇರುವ ಗಿಡ ಬಿಸಾಡುವುದುಂಟಾ ಮಾರಾಯ್ರೆ? ಇದು ಮರುವಾಯಿ ಆಗುವ ಹೊಯಿಗೆ. ಇಲ್ಲಿ ಕಾಡು ಬೆಳೆದರೆ ನಾವು ಎಂತ ತಿನ್ನುವುದು? ಬನ್ನಿ, ತೋರಿಸ್ತೇನೆ."

ನದಿಯ ತಿರುವು ದಾಟಿ ಕರೆದುಕೊಂಡು ಹೋದರು. ಅಲ್ಲಿ ದಡ ಕುಸಿದು ತೆಂಗಿನ ಬೇರುಗಳು ಹೊರಗೆ ಕಾಣುತ್ತಿದ್ದವು. ಕೆಳಗಿನ ಕೆಸರಿನಲ್ಲಿ ನಮ್ಮ ಗಿಡಗಳಿದ್ದವು. ಒಂದೊಂದಕ್ಕೂ ಕೋಲು ಕೊಟ್ಟು, ಹಳೆ ಸೀರೆಯ ಚೂರಿನಿಂದ ಕಟ್ಟಿದ್ದರು. ಹೆಚ್ಚಿನವು ಹೊಸ ಎಲೆ ಬಿಟ್ಟಿದ್ದವು.

ಎಲ್ಲೆಲ್ಲಿ ನೆಡಬೇಕೆಂದು ಆಫೀಸಿನವರು ಕೊಟ್ಟಿದ್ದ ನಕ್ಷೆಯನ್ನು ಮಡಚಿ ಕಿಸೆಗೆ ಹಾಕಿ, "ಇವತ್ತು ತಂದ ಗಿಡಗಳನ್ನು ಎಲ್ಲಿ ನೆಡುವುದು ಅಕ್ಕ?" ಎಂದು ಕೇಳಿದೆ. ಅವರು ಬುಟ್ಟಿ ಬದಿಗಿಟ್ಟು ಮಧ್ಯಾಹ್ನದವರೆಗೆ ನನ್ನ ಜೊತೆ ಕೆಸರು ತುಳಿದರು.

ಈಗ ಆ ತಿರುವಿನಲ್ಲಿ ಮಣ್ಣು ನಿಂತಿದೆ, ಮಿಂಚುಳ್ಳಿ ಬಂದು ಕೂರುತ್ತದೆ. ಮರುವಾಯಿಗೂ ತೊಂದರೆಯಾಗಲಿಲ್ಲ. ವರದಿಯಲ್ಲಿ ಸಲಹೆಗಾರರೆಂದು ಗುಲಾಬಿಯಕ್ಕನ ಹೆಸರು ಬರೆದೆ. ಅವರ ವಿದ್ಯಾರ್ಹತೆ ಏನೆಂದು ಆಫೀಸಿನಿಂದ ಫೋನ್ ಬಂತು. ಅವರನ್ನೇ ಕೇಳಿದೆ.

"ಮೂರನೇ ಕ್ಲಾಸು. ಅದೂ ಫೇಲು."

ಹಾಗೆಯೇ ಬರೆದು ಕಳಿಸಿದೆ. ಮತ್ತೆ ಫೋನ್ ಬರಲಿಲ್ಲ.