ಕಾಶಿಯಲ್ಲಿ ವೆಂಕಟರತ್ನಮ್ಮ ಬಿಟ್ಟದ್ದು

ಕಾಮಸಮುದ್ರದ ಬಳಿಯ ಹಳ್ಳಿಯಲ್ಲಿರುವ ವೆಂಕಟರತ್ನಮ್ಮನವರಿಗೆ ಅರವತ್ತೆರಡು ವರ್ಷ. ಎರಡು ಸೀಮೆಹಸು ಕಟ್ಟಿದ್ದಾರೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆಯೇ ಅವರ ಕಾಫಿ. ಹಸುಗಳನ್ನು ಎಂದೂ ಬೈಯದ ಆ ಬಾಯಿ ಮನುಷ್ಯರ ವಿಷಯದಲ್ಲಿ ಅಷ್ಟು ಮೆತ್ತಗಿಲ್ಲ. ಆಂಡರ್ಸನ್‌ಪೇಟೆಯಲ್ಲಿರುವ ಒಡಹುಟ್ಟಿದ ತಂಗಿ ಅಶ್ವತ್ಥಮ್ಮನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ತಂಗಿಯ ಮಗಳ ಮದುವೆಯಲ್ಲಿ ಅರಿಶಿನ ಹಚ್ಚಲು ದೊಡ್ಡಮ್ಮನನ್ನು ಕರೆಯುವುದು ಮರೆತುಹೋಗಿತ್ತು. ಮರೆತದ್ದಲ್ಲ, ಬೇಕೆಂದೇ ಕರೆಯಲಿಲ್ಲ ಎಂದು ಇವರು ಊಟ ಮಾಡದೆ ಎದ್ದು ಬಂದಿದ್ದರು. ತಂಗಿ ಎರಡು ಸಲ ಹೇಳಿಕಳಿಸಿ, ಆಮೇಲೆ ಸುಮ್ಮನಾದರು.

ಹೋದ ಮಾಘಮಾಸದಲ್ಲಿ ವೆಂಕಟರತ್ನಮ್ಮ ಹಸುಗಳನ್ನು ಗಂಡ ವೆಂಕಟೇಶಪ್ಪನವರಿಗೆ ಒಪ್ಪಿಸಿ, ಪಕ್ಕದ ಮನೆಯ ಶ್ಯಾಮಲಳೊಂದಿಗೆ ಕಾಶಿಗೆ ಹೊರಟರು. ಕಾಶಿಗೆ ಹೋದವರು ಒಂದು ಹಣ್ಣನ್ನೋ ತರಕಾರಿಯನ್ನೋ ದೇವರ ಹೆಸರಲ್ಲಿ ಬಿಟ್ಟು ಬರುತ್ತಾರೆ. ಬಿಟ್ಟದ್ದನ್ನು ಬದುಕಿರುವ ತನಕ ಮುಟ್ಟುವಂತಿಲ್ಲ. ರೈಲಿನಲ್ಲೆಲ್ಲ ಅದೇ ಮಾತು.

"ನಾನು ಆಗಲಕಾಯಿ ಬಿಡ್ತೀನಿ ಕಣಕ್ಕಾ," ಎಂದಳು ಶ್ಯಾಮಲ.

"ನೀನ್ಯಾವತ್ತೇ ಆಗಲಕಾಯಿ ತಿಂದಿದ್ದೆ?"

"ಅದಕ್ಕೇ ಮತ್ತೆ."

"ಆ ದೇವ್ರಿಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಆ ಬಳ್ಳಿ ಉಟ್ಟಿಸ್ದೋನೇ ಅವ್ನು."

ವೆಂಕಟರತ್ನಮ್ಮ ತಮಗೆ ಪ್ರಾಣವಾದ ಮಾವಿನಹಣ್ಣನ್ನೇ ಬಿಡುವುದೆಂದು ನಿಶ್ಚಯಿಸಿದ್ದರು. ಆದರೆ ಗಂಗೆಯಲ್ಲಿ ಸೊಂಟದ ಮಟ್ಟ ನಿಂತು ಕೈಮುಗಿದಾಗ ಆ ಮಾತು ಬಾಯಿಗೆ ಬರಲಿಲ್ಲ. ಮಾವು ಅವನದು. ನೀರೂ ಅವನದು, ಮುಗಿದ ಕೈಯೂ ಅವನು ಕೊಟ್ಟದ್ದು. ಅವನ ತೋಟದ ಹಣ್ಣನ್ನು ಅವನಿಗೇ ಕೊಟ್ಟು, ನಾನು ಕೊಟ್ಟೆ ಎನ್ನುವುದು ಹೇಗೆ? ಅವನು ಮಾಡದೆ, ತಾವೇ ಮಾಡಿಕೊಂಡದ್ದು ಏನಾದರೂ ಇದೆಯೇ ಎಂದು ಹುಡುಕಿದರು. ಒಂದೇ ಒಂದು ಸಿಕ್ಕಿತು. ತಂಗಿಯ ಮೇಲಿನ ಮುನಿಸು ಅವನ ಸೃಷ್ಟಿಯಲ್ಲ. ದಿನಾ ಮೇವು ಹಾಕಿ ಸಾಕಿದ್ದು ತಾವೇ. ಅದನ್ನು ಬಿಟ್ಟೆ ಎಂದು ಹೇಳಿ ಮೂರು ಸಲ ಮುಳುಗಿ ಎದ್ದರು.

"ಏನು ಬಿಟ್ಟೆ ಅಕ್ಕ?" ಎಂದಳು ಶ್ಯಾಮಲ.

"ನಂದು ಅಂತ ಒಂದಿತ್ತು, ಬಿಟ್ಟೆ."

ವಾಪಸು ಬಂಗಾರಪೇಟೆಯಲ್ಲಿ ಇಳಿದಾಗ ಊರಿನ ಬಸ್ಸು ಹತ್ತಲಿಲ್ಲ. ಚೀಲವನ್ನು ಶ್ಯಾಮಲಳ ಕೈಗೆ ಕೊಟ್ಟು ನೇರ ಆಂಡರ್ಸನ್‌ಪೇಟೆಗೆ ಹೋದರು. ಅಶ್ವತ್ಥಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕನನ್ನು ನೋಡಿದರು, ಏಳಲಿಲ್ಲ.

"ಯಾರು ಕರೆದ್ರು ಅಂತ ಬಂದೆ?"

ಇದಕ್ಕೆ ಕೊಡಬೇಕಾದ ಉತ್ತರ ಹನ್ನೊಂದು ವರ್ಷದಿಂದ ಸಿದ್ಧವಾಗಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಅದೀಗ ಅವರದಲ್ಲ. ಕೊಟ್ಟದ್ದನ್ನು ಕೈಚಾಚಿ ವಾಪಸು ಕೇಳುವ ಹೆಂಗಸೂ ಅವರಲ್ಲ.

"ಯಾರೂ ಕರೀಲಿಲ್ಲ. ನಿನ್ ಮೇಲಿನ ಕೋಪಾನ ಕಾಶೀಲಿ ಬಿಟ್ಬಂದೆ. ಅದಕ್ಕೇ ಬಂದೆ."

ಅಶ್ವತ್ಥಮ್ಮ ಇನ್ನೂ ಎರಡು ಕಾಯಿ ಸುಲಿದರು.

"ಅದಕ್ಕೆ ಅಷ್ಟು ದೂರ ಓಗ್ಬೇಕಿತ್ತಾ? ಆಟೋದಾಗೆ ಬಂದಿದ್ರೆ ಇಲ್ಲೇ ಆಗೋಗ್ತಿತ್ತು."

"ಸರಿ, ಆ ಕಡೆ ಸರ್ಕೋ. ಕಾಲು ನೋಯ್ತದೆ."

ತಂಗಿ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು ಜಾಗ ಮಾಡಿದರು. ಪಕ್ಕದಲ್ಲಿ ಕೂತ ಅಕ್ಕನ ಮುಖ ನೋಡದೆಯೇ, "ಮರ್ತಿದ್ದು ನಿಜ ಕಣಕ್ಕಾ, ದೇವ್ರಾಣೆ," ಎಂದರು.

"ಆ ಸುದ್ದಿ ಬ್ಯಾಡ. ಎದ್ದು ಕಾಫಿ ಇಡೋಗು," ಎಂದು ವೆಂಕಟರತ್ನಮ್ಮ ಮೊರಕ್ಕೆ ಕೈಹಾಕಿದರು.